ಅಕ್ಕಪಕ್ಕದ ಎರಡು ಫ್ಲ್ಯಾಟ್, ಒಂದೇ ಬಣ್ಣದ ಮನೆ: ಕರಾವಳಿಯವರಿಗೆ ಹಂತಹಂತದ ಮಾರ್ಗದರ್ಶಿ

ಕಾರವಾರದ ಕಾಜುಬಾಗ, ಕೋಡಿಬಾಗ, ಹಬ್ಬುವಾಡ ಕಡೆಯ ಓದುಗರು ಪದೇಪದೇ ಕೇಳುವುದು ಇದನ್ನೇ: “ಪಕ್ಕದ ಫ್ಲ್ಯಾಟ್ ಮಾರಾಟಕ್ಕಿದೆ. ಊರಲ್ಲಿರುವ ಅಪ್ಪ-ಅಮ್ಮನನ್ನೂ ಕರೆದುಕೊಂಡು ಬರಬೇಕು. ನಡುವಿನ ಗೋಡೆ ಒಡೆದು ಒಂದೇ ಮನೆ ಮಾಡಬಹುದಾ? ಮನೆ ತುಂಬ ಬಣ್ಣ ಇರಬೇಕು ಅಂತ ಮಕ್ಕಳ ಆಸೆ. ಆದರೆ ಇಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಸಿಪ್ಪೆ ಏಳುತ್ತದಲ್ಲ?”

ಮಾಡಬಹುದು, ಬಣ್ಣವನ್ನೂ ಉಳಿಸಿಕೊಳ್ಳಬಹುದು. ಕೆಲಸದ ಸರದಿ ಮಾತ್ರ ತಪ್ಪಬಾರದು. ನಮ್ಮ ಕಡೆ ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಿನ್ನುತ್ತದೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ನೆನೆದ ಗೋಡೆ ಒಣಗಲು ವಾರಗಳೇ ಬೇಕು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬೆಂಗಳೂರಿನ ಮನೆಯ ವೇಳಾಪಟ್ಟಿಯನ್ನು ಇಲ್ಲಿ ಹೇರಿದರೆ ಎಷ್ಟು ದುಬಾರಿ ಬಣ್ಣವೂ ನಿಲ್ಲುವುದಿಲ್ಲ.

ಹೀಗಾಗಿ ವರ್ಷವನ್ನು ಹೀಗೆ ಹಂಚಿಕೊಳ್ಳಿ: ಜುಲೈ-ಆಗಸ್ಟ್‌ನಲ್ಲಿ ಗೋಡೆ ಪರೀಕ್ಷೆ ಮತ್ತು ಕಾಗದಪತ್ರ, ಅಕ್ಟೋಬರ್-ನವೆಂಬರ್‌ನಲ್ಲಿ ಒಡೆಯುವ ಕೆಲಸ, ಡಿಸೆಂಬರ್-ಜನವರಿಯಲ್ಲಿ ವೈರಿಂಗ್, ಪೈಪು, ಪ್ಲಾಸ್ಟರ್, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಬಣ್ಣ. ಮೇ ತಿಂಗಳನ್ನು ಖಾಲಿ ಬಿಡಿ. ಹಿಂದೆ ಬಿದ್ದ ಕೆಲಸಕ್ಕೆ ಅದು ಬೇಕೇ ಬೇಕಾಗುತ್ತದೆ.

ಹಂತ 1: ಮಳೆ ಸುರಿಯುವಾಗಲೇ ಗೋಡೆ ನೋಡಿ

ಫ್ಲ್ಯಾಟ್ ಕೊಳ್ಳುವ ಮೊದಲೇ ಜೋರು ಮಳೆಯ ದಿನ ಒಮ್ಮೆ ಒಳಗೆ ಹೋಗಿ ಬನ್ನಿ. ಬೇಸಿಗೆಯಲ್ಲಿ ನೋಡಿದರೆ ಯಾವ ಗೋಡೆಯೂ ಚೆನ್ನಾಗಿಯೇ ಕಾಣುತ್ತದೆ. ಪಶ್ಚಿಮ ಮತ್ತು ನೈಋತ್ಯ ದಿಕ್ಕಿನ ಗೋಡೆ, ಕಿಟಕಿಯ ಕೆಳಮೂಲೆ, ಬಾತ್‌ರೂಮಿನ ಹಿಂದಿನ ಗೋಡೆ, ಮೇಲಿನ ಮನೆಯ ಬಾತ್‌ರೂಮಿನ ಕೆಳಗೆ ಬರುವ ಛಾವಣಿ, ಇಷ್ಟನ್ನು ಕೈಯಿಟ್ಟು ನೋಡಿ. ಒದ್ದೆಯಿರುವ ಕಡೆ ಪೆನ್ಸಿಲ್‌ನಲ್ಲಿ ಸುತ್ತು ಗುರುತು ಹಾಕಿ, ತಾರೀಕು ಬರೆದು, ಫೋಟೋ ತೆಗೆದಿಡಿ. ಎರಡು ವಾರ ಬಿಟ್ಟು ಮತ್ತೆ ನೋಡಿದಾಗ ಒದ್ದೆ ಆ ಗುರುತು ದಾಟಿದ್ದರೆ ನೀರು ಇನ್ನೂ ಒಳಬರುತ್ತಿದೆ. ಹೊರಗಿನ ಬಿರುಕನ್ನೋ ಮೇಲಿನ ಮನೆಯ ಸೋರಿಕೆಯನ್ನೋ ಸರಿಮಾಡಿಸದೆ ಒಳಗೆ ‘ಡ್ಯಾಂಪ್ ಪ್ರೂಫ್’ ಬಳಿಯುವುದು ಹಣ ಪೋಲು. ನೀರು ಪಕ್ಕಕ್ಕೆ ಸರಿದು ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ, ಅಷ್ಟೇ.

ಹಂತ 2: ಕಾಗದಪತ್ರ

ಮೂರು ಕಡೆಯಿಂದ ಲಿಖಿತ ಒಪ್ಪಿಗೆ ಬೇಕು.

ಮೊದಲನೆಯದು ಅಪಾರ್ಟ್‌ಮೆಂಟಿನ ಸಂಘದ್ದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ನೋಂದಾಯಿತವಾದ ಕಟ್ಟಡದಲ್ಲಿ, ಕಟ್ಟಡದ ಭದ್ರತೆಗೆ ಧಕ್ಕೆ ತರುವ ಯಾವ ಕೆಲಸಕ್ಕೂ ಉಳಿದೆಲ್ಲ ಮಾಲೀಕರ ಒಪ್ಪಿಗೆ ಬೇಕು. ನಿಮ್ಮದು ಅಂಥ ಕೆಲಸವಲ್ಲ ಎಂದು ತೋರಿಸಬೇಕಾದದ್ದು ಇಂಜಿನಿಯರ್ ವರದಿ. ಅದನ್ನು ಲಗತ್ತಿಸಿ ಅರ್ಜಿ ಕೊಡಿ, ಸಭೆಯ ನಡಾವಳಿಯ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಪದಾಧಿಕಾರಿಗಳು ಬದಲಾದ ದಿನವೇ ಬಿದ್ದುಹೋಗುತ್ತದೆ.

ಎರಡನೆಯದು ನಗರಸಭೆ. ಮಂಜೂರಾದ ನಕ್ಷೆಯಿಂದ ಬದಲಾವಣೆ ಮಾಡುವುದರಿಂದ ಅಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಕಟ್ಟಡ ಸಮುದ್ರಕ್ಕೋ ಕಾಳಿ ನದಿಯ ದಂಡೆಗೋ ಹತ್ತಿರವಿದ್ದರೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ಬರುತ್ತದೆ. ಬಾಲ್ಕನಿ ಮುಚ್ಚುವುದು, ಹೊರಗೆ ಚಾಚುವುದು ಇವಕ್ಕೆ ಕೈಹಾಕಬೇಡಿ.

ಮೂರನೆಯದು ಬ್ಯಾಂಕ್. ಯಾವುದಾದರೂ ಒಂದು ಫ್ಲ್ಯಾಟಿನ ಮೇಲೆ ಸಾಲವಿದ್ದರೆ ಅದು ಅಡವಿಟ್ಟ ಆಸ್ತಿ. ಅವರಿಗೆ ತಿಳಿಸದೆ ಗೋಡೆ ಒಡೆಯಬಾರದು.

“ಎರಡೂ ಖಾತಾ ಒಂದು ಮಾಡಿಸಬೇಕಾ?” ಎಂದು ಬಹಳ ಜನ ಕೇಳುತ್ತಾರೆ. ಒಂದು ಗಂಡನ ಹೆಸರಲ್ಲಿ, ಇನ್ನೊಂದು ಮಾವನ ಹೆಸರಲ್ಲಿ ಇದ್ದರೆ ಅದು ಸುಲಭಕ್ಕೆ ಆಗುವ ಕೆಲಸವೂ ಅಲ್ಲ. ನಮ್ಮ ಸ್ಪಷ್ಟ ಅಭಿಪ್ರಾಯ: ಕೋಣೆಗಳು ಒಂದಾಗಲಿ, ಕಾಗದಗಳು ಬೇರೆಯೇ ಇರಲಿ. ಮುಂದೆ ಒಂದನ್ನು ಮಾರಬೇಕೆಂದರೂ ಅಣ್ಣತಮ್ಮಂದಿರಿಗೆ ಪಾಲು ಮಾಡಬೇಕೆಂದರೂ ದಾರಿ ತೆರೆದಿರುತ್ತದೆ. ಇದೇ ಕಾರಣಕ್ಕೆ ಎರಡೂ ಮುಂಬಾಗಿಲು ಉಳಿಸಿಕೊಳ್ಳಿ. ಬೆಂಕಿ ಅನಾಹುತದಲ್ಲಿ ಎರಡನೇ ಬಾಗಿಲು ಜೀವ ಉಳಿಸುತ್ತದೆ. ಆ ಎರಡು ಬಾಗಿಲ ಮುಂದಿನ ಪ್ಯಾಸೇಜು ಎಲ್ಲರಿಗೂ ಸೇರಿದ ಜಾಗ. ಗ್ರಿಲ್ ಹಾಕಿ ಒಳಗೆ ಸೇರಿಸಿಕೊಳ್ಳುವಂತಿಲ್ಲ.

ಹಂತ 3: ಯಾವ ಗೋಡೆ ಒಡೆಯಬಹುದು?

ಹೆಚ್ಚಿನ ಅಪಾರ್ಟ್‌ಮೆಂಟುಗಳು ಆರ್‌ಸಿಸಿ ಚೌಕಟ್ಟಿನವು. ಪಿಲ್ಲರ್ ಮತ್ತು ಬೀಮ್ ಭಾರ ಹೊರುತ್ತವೆ, ನಡುವೆ ತುಂಬಿದ ಚಿರೆಕಲ್ಲು ಅಥವಾ ಸಿಮೆಂಟ್ ಬ್ಲಾಕಿನ ಗೋಡೆ ಬರೀ ಮರೆ. ಇಂಥ ಗೋಡೆಯಲ್ಲಿ ದಾರಿ ತೆರೆಯಬಹುದು. ಎರಡು-ಮೂರು ಮಹಡಿಯ ಹಳೆಯ ಕೆಲವು ಕಟ್ಟಡಗಳಲ್ಲಿ ಮಾತ್ರ ಚಿರೆಕಲ್ಲಿನ ಗೋಡೆಯೇ ಮೇಲಿನ ಸ್ಲ್ಯಾಬ್ ಹೊತ್ತಿರುತ್ತದೆ. ಹೊರನೋಟಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಿಲ್ಡರ್ ಬಳಿ ಇರುವ ಸ್ಟ್ರಕ್ಚರಲ್ ನಕ್ಷೆಯನ್ನು ತೆಗೆದುಕೊಂಡು ಸ್ಟ್ರಕ್ಚರಲ್ ಇಂಜಿನಿಯರನ್ನು ಸ್ಥಳಕ್ಕೇ ಕರೆಸಿ. ಗೌಂಡಿ ಬಡಿದು ನೋಡಿ “ಏನೂ ಆಗೂದಿಲ್ಲ” ಎಂದದ್ದು ಸಾಲದು.

ಇದೇ ಭೇಟಿಯಲ್ಲಿ ಪಿಲ್ಲರ್, ಬೀಮುಗಳ ತುಕ್ಕನ್ನೂ ನೋಡಿಸಿ. ಕಂಬಿಯ ಉದ್ದಕ್ಕೇ ಸಾಗುವ ಸಣ್ಣ ಬಿರುಕು, ಕಂದು ಕಲೆ, ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು, ಇವು ಲಕ್ಷಣ. ತುಕ್ಕಾದ ಕಬ್ಬಿಣ ಮೂಲ ಗಾತ್ರದ ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಒಳಗಿಂದಲೇ ಒಡೆಯುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತುಕ್ಕು ಹಾಗೇ ಮುಂದುವರಿಯುತ್ತದೆ. ಸರಿಯಾದ ಕ್ರಮ ಹೀಗಿದೆ: ಸಡಿಲ ಕಾಂಕ್ರೀಟ್ ತೆಗೆದು, ಕಂಬಿಯ ಹಿಂದೆಯೂ ಸುಮಾರು 20 ಮಿ.ಮೀ. ಬಿಡಿಸಿ, ವೈರ್ ಬ್ರಷ್‌ನಿಂದ ಹೊಳಪು ಬರುವಷ್ಟು ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಬೇಕು. ಕಂಬಿ ಸವೆದು ತೆಳ್ಳಗಾಗಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಕಟ್ಟಬೇಕೇ ಎಂಬುದನ್ನು ಇಂಜಿನಿಯರ್ ಹೇಳಲಿ.

ಮೇಲೆ-ಕೆಳಗಿನ ಫ್ಲ್ಯಾಟುಗಳನ್ನು ಒಳಮೆಟ್ಟಿಲಿನಿಂದ ಜೋಡಿಸುವುದು ಬೇರೆಯೇ ಕೆಲಸ. ಸ್ಲ್ಯಾಬ್ ಕತ್ತರಿಸಿದರೆ ಭಾರ ಹೊರುವ ಕಂಬಿಯೇ ತುಂಡಾಗುತ್ತದೆ, ತೂತಿನ ಸುತ್ತ ಹೊಸ ಬೀಮ್ ಬೇಕಾಗುತ್ತದೆ. ಅಕ್ಕಪಕ್ಕದ ಫ್ಲ್ಯಾಟ್ ಸಿಗುವ ಸಾಧ್ಯತೆ ಇದ್ದರೆ ಕಾಯುವುದೇ ಮೇಲು.

ಹಂತ 4: ದಾರಿ ತೆರೆಯುವುದು

ಎರಡು ಆಯ್ಕೆಗಳಿವೆ.

ಗೋಡೆಯ ಮೇಲೆಯೇ ಬೀಮ್ ಹಾದುಹೋಗಿದ್ದರೆ ಬೀಮಿನ ತಳದವರೆಗೆ ಪೂರ್ತಿ ತೆಗೆಯಬಹುದು. ಲಿಂಟಲ್, ಅಂದರೆ ದಾರಿಯ ಮೇಲಿನ ಗೋಡೆ ಹೊರುವ ಅಡ್ಡತೊಲೆ ಬೇಡ, ಐದಾರು ಅಡಿ ಅಗಲದ ದಾರಿ ಸಿಗುತ್ತದೆ, ಎರಡೂ ಹಾಲ್ ಒಂದಾಗಿ ಗಾಳಿ ಆಡುತ್ತದೆ. ಒಡೆಯುವಾಗ ಬೀಮಿನ ಕೆಳಗೆ ಜಾಕಿ ಕೊಟ್ಟಿರಲಿ.

ಮುಂದೆ ಮತ್ತೆ ಬೇರೆ ಮಾಡುವ ಆಲೋಚನೆ ಇದ್ದರೆ ನಾಲ್ಕು ಅಡಿ ಅಗಲ, ಏಳು ಅಡಿ ಎತ್ತರದ ದಾರಿ ಸಾಕು. ಇದಕ್ಕೆ ಲಿಂಟಲ್ ಬೇಕು. ಉಕ್ಕಿನ ಚಾನೆಲ್‌ಗಿಂತ ಕಾಂಕ್ರೀಟ್ ಲಿಂಟಲ್ ನಮ್ಮ ಕಡೆಗೆ ಒಳ್ಳೆಯದು, ತುಕ್ಕಿನ ತಲೆನೋವು ಕಡಿಮೆ. 9 ಇಂಚಿನ ಗೋಡೆಗೆ ಒಂದೇ ದಪ್ಪ ಲಿಂಟಲ್ ಎರೆದರೆ ಸುಮಾರು 140 ಕೆ.ಜಿ. ತೂಗುತ್ತದೆ, ಮೇಲೆತ್ತಿ ಕೂರಿಸುವುದು ಕಷ್ಟ. ಅದರ ಬದಲು ನಾಲ್ಕೂವರೆ ಇಂಚು ಅಗಲ, ಆರು ಇಂಚು ಎತ್ತರ, ಐದೂವರೆ ಅಡಿ ಉದ್ದದ ಎರಡು ಲಿಂಟಲ್‌ಗಳನ್ನು ನೆಲದ ಮೇಲೆಯೇ ಎರೆದಿಟ್ಟುಕೊಳ್ಳಿ. ಒಂದೊಂದು ಸುಮಾರು 70 ಕೆ.ಜಿ. ಬರುತ್ತದೆ. ಎರಡೂ ಬದಿ 9 ಇಂಚು ಗೋಡೆಯ ಮೇಲೆ ಕೂರುತ್ತದೆ. ಕಂಬಿಯ ಗಾತ್ರ ಇಂಜಿನಿಯರ್ ಬರೆದುಕೊಟ್ಟದ್ದೇ ಇರಲಿ. ಕಂಬಿಗೂ ಹೊರಮೈಗೂ ನಡುವೆ 30 ಮಿ.ಮೀ. ಕಾಂಕ್ರೀಟ್ ಇರುವಂತೆ ಕವರ್ ಬ್ಲಾಕ್ ಇಡಿಸಿ. 14 ದಿನ ಕ್ಯೂರಿಂಗ್ ಮಾಡಿ, ಅಂದರೆ ಗೋಣಿಚೀಲ ಹೊದಿಸಿ ಸದಾ ಒದ್ದೆಯಾಗಿಡಿ. ಮೇಲ್ಮೈ ಯಾವುದು ಎಂದು ಬಾಣದ ಗುರುತು ಹಾಕಿರಿ. ತಲೆಕೆಳಗಾಗಿ ಕೂತರೆ ದಪ್ಪ ಕಂಬಿ ಮೇಲಾಗಿ ಲಿಂಟಲ್ ಬಿರುಕು ಬಿಡುತ್ತದೆ.

ಕೂರಿಸುವ ಕ್ರಮ:

ಮೊದಲು ಗೋಡೆಯೊಳಗೆ ವೈರು, ನೀರಿನ ಪೈಪು ಇದೆಯೇ ನೋಡಿ ಮೇನ್ ಸ್ವಿಚ್, ವಾಲ್ವ್ ಮುಚ್ಚಿ. ಎರಡೂ ಕಡೆ ದಾರಿಯ ಆಕಾರ ಗೆರೆ ಎಳೆದು, ಮೂಲೆಗಳಲ್ಲಿ ಡ್ರಿಲ್ ಹಾಕಿ ಎರಡೂ ಬದಿಯ ಗೆರೆ ಹೊಂದುತ್ತದೆಯೇ ಖಚಿತ ಮಾಡಿಕೊಳ್ಳಿ. ಲಿಂಟಲ್ ಬರುವ ಜಾಗದ ಮೇಲೆ ಗೋಡೆಗೆ ಅಡ್ಡಲಾಗಿ ತೊಲೆ ತೂರಿಸಿ ಎರಡೂ ಕಡೆ ಜಾಕಿ ಕೊಡಿ. ಆಮೇಲೆ ಒಂದು ಬದಿಯಿಂದ ಗೋಡೆಯ ಅರ್ಧ ದಪ್ಪ ಮಾತ್ರ ಕತ್ತರಿಸಿ ಮೊದಲ ಲಿಂಟಲ್ ಕೂರಿಸಿ, ಮೇಲಿನ ಸಂದಿಗೆ ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳಿನ ಗಟ್ಟಿ ಗಾರೆ ಬಿಗಿಯಾಗಿ ತುಂಬಿ. ಅದು ಬಿಗಿದ ಮೂರು ದಿನದ ನಂತರ ಇನ್ನೊಂದು ಬದಿ. ಅಲ್ಲಿಂದ ಒಂದು ವಾರ ಕಳೆದ ಮೇಲಷ್ಟೇ ಕೆಳಗಿನ ಗೋಡೆ ತೆಗೆಯಿರಿ, ಅದೂ ಮೇಲಿನಿಂದ ಕೆಳಕ್ಕೆ. ಕೆಳಗಿಂದ ಕಲ್ಲು ಕಿತ್ತರೆ ಮೇಲಿನದು ಕಾಲಮೇಲೆ ಬೀಳುತ್ತದೆ.

ದೊಡ್ಡ ಬ್ರೇಕರ್ ಯಂತ್ರ ಬಳಸಲು ಬಿಡಬೇಡಿ. ಅದರ ಅದುರಿಗೆ ಪಕ್ಕದವರ ಟೈಲ್ ಏಳುತ್ತದೆ, ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಬಿರಿಯುತ್ತದೆ. ಕಟರ್‌ನಲ್ಲಿ ಗೆರೆ ಹಾಕಿ ಉಳಿ-ಸುತ್ತಿಗೆಯಿಂದ ಬಿಡಿಸುವುದು ನಿಧಾನವಾದರೂ ಸುರಕ್ಷಿತ.

ಎಲ್ಲರೂ ಮರೆಯುವ ಒಂದು ಲೆಕ್ಕ: ನಾಲ್ಕಕ್ಕೆ ಏಳು ಅಡಿ ದಾರಿಯಿಂದ ಸುಮಾರು 1200 ಕೆ.ಜಿ. ಕಲ್ಲು-ಮಣ್ಣು ಬರುತ್ತದೆ. ಮನೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಅಷ್ಟನ್ನೂ ಹಾಲಿನ ನಡುವೆ ಗುಡ್ಡೆ ಹಾಕಿದರೆ ಕೆಳಗಿನ ಮನೆಯ ಛಾವಣಿಯಲ್ಲಿ ಬಿರುಕು ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಅರ್ಧ ತುಂಬಿದ ಚೀಲಗಳಲ್ಲಿ, ಒಂದೊಂದು 25 ಕೆ.ಜಿ.ಯಂತೆ ಸುಮಾರು 50 ಚೀಲ, ಅಂದಂದೇ ಕೆಳಗಿಳಿಸಿ. ಎಲ್ಲಿ ಹಾಕಬೇಕೆಂದು ನಗರಸಭೆಯಲ್ಲಿ ಕೇಳಿ; ಕಾಳಿಯ ದಂಡೆಯಲ್ಲೋ ಕಡಲ ತೀರದಲ್ಲೋ ಸುರಿಯುವುದು ಬೇಡ.

ಹಂತ 5: ನೆಲ

ಎರಡು ಫ್ಲ್ಯಾಟಿನ ನೆಲ ಒಂದೇ ಮಟ್ಟದಲ್ಲಿ ಇರುವುದು ಅಪರೂಪ. ಅರ್ಧದಿಂದ ಒಂದು ಇಂಚಿನವರೆಗೆ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆ ಸಣ್ಣ ಮೆಟ್ಟಿಲೇ ವಯಸ್ಸಾದವರು ಎಡವುವ ಜಾಗ. ಒಂದು ಇಂಚಿನ ವ್ಯತ್ಯಾಸವಿದ್ದರೆ ಕನಿಷ್ಠ ಒಂದು ಅಡಿ ಉದ್ದದ ಇಳಿಜಾರು ಕೊಡಿ. ಇಲ್ಲವೇ ತಗ್ಗಿನ ಕಡೆ ಹಳೆಯ ಟೈಲಿನ ಮೇಲೆಯೇ ಅಂಟುಗಾರೆ ಹಾಕಿ ಹೊಸ ಟೈಲ್ ಕೂರಿಸಿ, ಸುಮಾರು 12-15 ಮಿ.ಮೀ. ಏರುತ್ತದೆ. ಬಾಗಿಲುಗಳ ಅಡಿ ಅಷ್ಟೇ ಕತ್ತರಿಸಬೇಕಾಗುತ್ತದೆ ಎಂಬುದು ನೆನಪಿರಲಿ. ಟೊಳ್ಳು ಸದ್ದಿನ ಹಳೆ ಟೈಲ್ ಮೇಲೆ ಮಾತ್ರ ಹಾಕಬೇಡಿ.

ಗೋಡೆ ಇದ್ದ ಜಾಗದಲ್ಲಿ 9 ಇಂಚು ಅಗಲದ ಬರಿ ಪಟ್ಟಿ ಉಳಿಯುತ್ತದೆ. ಅದನ್ನು ಎರಡೂ ಕಡೆಯ ಟೈಲಿಗೆ ಹೊಂದಿಸಲು ಒದ್ದಾಡಬೇಡಿ, ಬಣ್ಣ ಹೊಂದುವುದೇ ಇಲ್ಲ. ಬೇರೆಯದೇ ಎಂದು ಕಾಣುವಂತೆ ಕೆಂಪು ರೆಡ್ ಆಕ್ಸೈಡ್ ಪಟ್ಟಿಯನ್ನೋ ಚಿತ್ತಾರದ ಸಿಮೆಂಟ್ ಟೈಲನ್ನೋ ಹಾಕಿ. ರೆಡ್ ಆಕ್ಸೈಡ್ ಆದರೆ ಇಡೀ ಪಟ್ಟಿಗೆ ಬೇಕಾದ ಪುಡಿ-ಸಿಮೆಂಟನ್ನು ಒಮ್ಮೆಗೇ ಒಣದಾಗಿ ಬೆರೆಸಿ ಜರಡಿ ಹಿಡಿಯಿರಿ. ಎರಡು ಸಲ ಬೆರೆಸಿದರೆ ಎರಡು ಬಣ್ಣ ಬರುತ್ತದೆ.

ಹಂತ 6: ಕರೆಂಟು

ಇಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಎರಡು ಫ್ಲ್ಯಾಟಿಗೆ ಎರಡು ಮೀಟರ್, ಬಹಳ ಸಲ ಎರಡು ಬೇರೆ ಫೇಸ್. ಒಂದೊಂದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್. ಎರಡು ಫೇಸ್‌ಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ತೆರೆದ ದಾರಿಯ ಪಕ್ಕದ ಒಂದೇ ಸ್ವಿಚ್‌ಬೋರ್ಡಿಗೆ ಎರಡೂ ಕಡೆಯ ವೈರು ತಂದರೆ ಒಂದು ಕಡೆ ಆಫ್ ಮಾಡಿ ಕೈಹಾಕಿದವರಿಗೆ ಇನ್ನೊಂದು ಕಡೆಯ ಕರೆಂಟು ಹೊಡೆಯುತ್ತದೆ.

ಎರಡರಲ್ಲಿ ಒಂದು ದಾರಿ ಹಿಡಿಯಿರಿ. ಒಂದೋ, ಹೆಸ್ಕಾಂಗೆ ಅರ್ಜಿ ಹಾಕಿ ಒಂದು ಆರ್‌ಆರ್ ನಂಬರಿನ ಲೋಡ್ ಹೆಚ್ಚಿಸಿ, ಇನ್ನೊಂದನ್ನು ಹಿಂತಿರುಗಿಸಿ, ಒಂದೇ ಮೀಟರಿನಿಂದ ಎರಡೂ ಕಡೆಯ ಬೋರ್ಡಿಗೆ ಕೊಡುವುದು. ಇಲ್ಲವೇ, ಎರಡೂ ಮೀಟರ್ ಇಟ್ಟುಕೊಂಡು ವೈರಿಂಗನ್ನು ಪೂರ್ತಿ ಬೇರೆಯಾಗಿಯೇ ಬಿಡುವುದು. ಗೃಹಜ್ಯೋತಿ ಪಡೆಯುತ್ತಿರುವವರು ಒಂದು ಮಾಡುವ ಮೊದಲು ಯೂನಿಟ್ ಕೂಡಿಸಿ ನೋಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಇನ್ವರ್ಟರ್ ಒಂದೇ ಇಟ್ಟು ಎರಡೂ ಕಡೆಗೆ ಕೊಟ್ಟಾಗ ನ್ಯೂಟ್ರಲ್‌ಗಳು ಕಲೆತು ಆರ್‌ಸಿಸಿಬಿ ಪದೇಪದೇ ಬೀಳುತ್ತದೆ. ಆರ್‌ಸಿಸಿಬಿ ಎಂದರೆ ಕರೆಂಟು ಸೋರಿದ ತಕ್ಷಣ ಸಪ್ಲೈ ಕಡಿಯುವ ಸಾಧನ. ಮನೆಗೆ 30 ಮಿಲಿಆಂಪ್‌ನದು ಬೇಕು. ಅದು ಬೀಳುತ್ತಿದೆ ಎಂದು ತೆಗೆದುಹಾಕಿಸುವವರಿದ್ದಾರೆ. ತೆಗೆಸಬೇಡಿ, ವೈರಿಂಗ್ ಸರಿಮಾಡಿಸಿ. ಲೈಟಿಗೆ 1.5, ಪ್ಲಗ್‌ಗಳಿಗೆ 2.5, ಗೀಸರ್-ಏಸಿಗೆ 4 ಚದರ ಮಿ.ಮೀ. ತಾಮ್ರದ ವೈರು ಹಾಕಿಸಿ. ಪ್ಲಾಸ್ಟರ್ ಮುಚ್ಚುವ ಮೊದಲು ಪ್ರತಿ ಗೋಡೆಯ ಪೈಪು-ವೈರಿನ ಫೋಟೋವನ್ನು ಪಕ್ಕದಲ್ಲಿ ಟೇಪ್ ಹಿಡಿದು ತೆಗೆಯಿರಿ.

ಹಂತ 7: ನೀರು, ಎರಡನೇ ಅಡುಗೆಮನೆ

ಟಾಯ್ಲೆಟ್ ಇದ್ದ ಜಾಗದಲ್ಲೇ ಇರಲಿ. ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿಯಂತೆ ಇಳಿಜಾರು ಬೇಕು. ಜಾಗ ಬದಲಿಸಿದರೆ ನೆಲ ಎತ್ತರಿಸಬೇಕಾಗುತ್ತದೆ, ಅಥವಾ ಪೈಪು ಕೆಳಗಿನ ಮನೆಯ ಛಾವಣಿಯಲ್ಲಿ ಇಳಿಯುತ್ತದೆ.

ಎರಡನೇ ಅಡುಗೆಮನೆಯನ್ನು ಬಟ್ಟೆ ಒಗೆದು ಒಣಗಿಸುವ ಕೋಣೆ ಮಾಡಿಕೊಳ್ಳುವುದು ನಮ್ಮ ಮಳೆಗಾಲಕ್ಕೆ ತುಂಬ ಅನುಕೂಲ: ನೀರು, ಮೋರಿ, ಪ್ಲಗ್ ಎಲ್ಲ ಅಲ್ಲೇ ಇದೆ. ಎಕ್ಸಾಸ್ಟ್ ಫ್ಯಾನ್ ತೆಗೆಯಬೇಡಿ. ಅದನ್ನು ಮಲಗುವ ಕೋಣೆ ಮಾಡುವುದಿದ್ದರೆ ನಹಾನಿ ಟ್ರ್ಯಾಪನ್ನು, ಅಂದರೆ ನೆಲದ ಮೋರಿಯಲ್ಲಿ ವಾಸನೆ ತಡೆಯಲು ನೀರು ನಿಲ್ಲುವ ಬಾಗಿದ ಭಾಗವನ್ನು, ಕ್ಯಾಪ್ ಹಾಕಿ ಪೂರ್ತಿ ಮುಚ್ಚಿಸಿ. ಬಳಕೆಯಿಲ್ಲದ ಟ್ರ್ಯಾಪಿನ ನೀರು ಆರಿ ಚರಂಡಿಯ ವಾಸನೆ, ಜಿರಳೆ ಒಳಬರುತ್ತವೆ.

ಬಾತ್‌ರೂಮ್ ಒಡೆದರೆ ವಾಟರ್‌ಪ್ರೂಫಿಂಗ್ ಎರಡು ಕೋಟು ಹಾಕಿ, ಟೈಲ್ ಹಾಕುವ ಮುನ್ನ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯವರನ್ನು ಕೇಳಿ ಅವರ ಛಾವಣಿ ನೋಡಿ ಬನ್ನಿ.

ಹಂತ 8: ಪ್ಲಾಸ್ಟರ್, ಒಣಗುವಿಕೆ

ಕಡಲ ಮರಳು ಒಂದು ಬುಟ್ಟಿಯೂ ಬೇಡ. ಅದರ ಉಪ್ಪು ಗಾಳಿಯ ತೇವ ಹೀರಿ ವರ್ಷವರ್ಷವೂ ಗೋಡೆಯ ಮೇಲೆ ಬಿಳಿ ಪುಡಿಯಾಗಿ ಏಳುತ್ತದೆ. ಪ್ಲಾಸ್ಟರಿಗೆಂದೇ ಬರುವ, ತೊಳೆದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಬಳಸಿ. ಉಪ್ಪು ಹಿಡಿದ ಹಳೆ ಪ್ಲಾಸ್ಟರನ್ನು ಒದ್ದೆ ಗುರುತಿಗಿಂತ ಒಂದು ಅಡಿ ಹೆಚ್ಚೇ ಕೆತ್ತಿ ತೆಗೆಸಿ. ಹೊಸ ಗೋಡೆಗೂ ಹಳೆ ಗೋಡೆಗೂ, ಗೋಡೆಗೂ ಬೀಮಿಗೂ ಕೂಡುವ ಕಡೆ ಫೈಬರ್ ಮೆಶ್ ಪಟ್ಟಿ ಅಂಟಿಸಿ ಪ್ಲಾಸ್ಟರ್ ಮಾಡಿದರೆ ನೆಟ್ಟನೆ ಬಿರುಕು ಬರುವುದು ತಪ್ಪುತ್ತದೆ.

ಕ್ಯೂರಿಂಗ್ ಒಂದು ವಾರ. ಪ್ಲಾಸ್ಟರ್ ಆಗಿ 28 ದಿನ ತುಂಬುವವರೆಗೆ ಬಣ್ಣದ ಮಾತಿಲ್ಲ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಟ್ಟು ಮಾಸಲು ಕಲೆ ಮಾಡುತ್ತದೆ. ಒಣಗಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ. ಮರುದಿನ ಒಳಗೆ ಹನಿ ಕಟ್ಟಿದ್ದರೆ ಇನ್ನೂ ಕಾಯಿರಿ.

ಹಂತ 9: ಬಣ್ಣ

ಸರದಿ ಇದು: ಬೂಸ್ಟು, ಪಾಚಿ ಇದ್ದರೆ ಬ್ಲೀಚಿಂಗ್ ನೀರಿನಿಂದ ತೊಳೆದು ಒಣಗಿಸಿ. ಬಿಳಿ ಸಿಮೆಂಟಿನ ಪುಟ್ಟಿ ಎರಡು ತೆಳು ಕೋಟು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡ, ಅದು ನಮ್ಮ ತೇವದಲ್ಲಿ ಮೆತ್ತಗಾಗುತ್ತದೆ. ಕ್ಷಾರ ತಡೆಯುವ ಪ್ರೈಮರ್ ಒಂದು ಕೋಟು. ಆಮೇಲೆ ಬಣ್ಣ ಎರಡು ಕೋಟು, ನಡುವೆ ಡಬ್ಬಿಯಲ್ಲಿ ಹೇಳಿದಷ್ಟು ಗಂಟೆ ಬಿಟ್ಟು. ಕಡುಗೆಂಪು, ಗಾಢ ಹಳದಿ ಮೂರನೇ ಕೋಟು ಕೇಳುತ್ತವೆ, ಕೆಳಗಿನದನ್ನು ಮರೆಮಾಡುವ ಶಕ್ತಿ ಅವಕ್ಕೆ ಕಡಿಮೆ.

ಲೆಕ್ಕ ಹೀಗೆ: 12 ಅಡಿ ಚೌಕದ, 10 ಅಡಿ ಎತ್ತರದ ಕೋಣೆಯ ಗೋಡೆ 480 ಚದರ ಅಡಿ. ಬಾಗಿಲು-ಕಿಟಕಿಗೆ 60 ಕಳೆದರೆ 420. ಎರಡು ಕೋಟಿಗೆ ಲೀಟರಿಗೆ 60 ಚದರ ಅಡಿ ಹಿಡಿದರೆ 7 ಲೀಟರ್. ಒಂದು ಗೋಡೆಗೆ ಬೇಕಾದ ಬಣ್ಣವನ್ನೆಲ್ಲ ಒಂದೇ ಸಲ ತಂದು, ದೊಡ್ಡ ಬಕೆಟ್ಟಿನಲ್ಲಿ ಒಟ್ಟಿಗೆ ಕಲಸಿ ಬಳಸಿ. ಮೆಷಿನಿನಲ್ಲಿ ಬೆರೆಸಿದರೂ ಡಬ್ಬಿಯಿಂದ ಡಬ್ಬಿಗೆ ಒಂದು ಎಳೆ ವ್ಯತ್ಯಾಸ ಬರುತ್ತದೆ.

ಯಾವ ಬಣ್ಣ? ಕೂಡಿಸಿದ ಮನೆಯಲ್ಲಿ ಎರಡು ಅರ್ಧಗಳು ಬೇರೆಬೇರೆ ಎಂದು ಕಾಣುವುದೇ ದೊಡ್ಡ ತೊಂದರೆ. ಇಡೀ ಮನೆಯ ಛಾವಣಿಗೆ ಒಂದೇ ಬಿಳಿ, ಎಲ್ಲ ಬಾಗಿಲ ಚೌಕಟ್ಟಿಗೆ ಒಂದೇ ಬಣ್ಣ ಇಟ್ಟುಕೊಳ್ಳಿ. ಇಷ್ಟಾದರೆ ಕೋಣೆಗೊಂದು ಬಣ್ಣ ಹಚ್ಚಿದರೂ ಮನೆ ಒಡೆದಂತೆ ಕಾಣುವುದಿಲ್ಲ. ತೆರೆದ ದಾರಿಯ ಒಳಬದಿಗೆ ಮನೆಯ ಅತಿ ಗಾಢ ಬಣ್ಣ ಕೊಡಿ, ಎರಡೂ ಕಡೆಯ ಹಾಲಿನಿಂದ ಅದೇ ಕಣ್ಣಿಗೆ ಬೀಳಲಿ.

ಅದಕ್ಕೆ ನಮ್ಮದೇ ಕಾವಿಗಿಂತ ಒಳ್ಳೆಯ ಬಣ್ಣ ಕಾಣೆವು. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಕಾವಿ ಕಲೆ ನೋಡಿರುತ್ತೀರಿ: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ, ಅದನ್ನು ಕೆರೆದು ಒಳಗಿನ ಬಿಳಿ ತೋರಿಸುವ ಚಿತ್ರ. ಕಾವಿಯ ಕೆಂಪು ಕಬ್ಬಿಣದ ಆಕ್ಸೈಡ್, ಬಿಸಿಲಿಗೂ ಸುಣ್ಣಕ್ಕೂ ಮಾಸುವುದಿಲ್ಲ. ಹಳದಿ ಮಣ್ಣಿನ ಬಣ್ಣವೂ ಇದೇ ಜಾತಿಯದು. ಅಂಗಡಿಯಲ್ಲಿ ಟಿಂಟ್ ಮಾಡಿಸುವಾಗಲೂ “ಆಕ್ಸೈಡ್ ಬಣ್ಣದಿಂದ ಬರುವ ಶೇಡ್ ಯಾವುದು” ಎಂದು ಕೇಳಿ. ಪಶ್ಚಿಮದ ಬಾಲ್ಕನಿಗೆ ಅವೇ ಇರಲಿ. ಮಕ್ಕಳು ಆರಿಸಿದ ಗುಲಾಬಿ, ನೇರಳೆ, ಹೊಳೆಯುವ ಕಿತ್ತಳೆಗಳು ಬಿಸಿಲು ತಾಗದ ಒಳಗೋಡೆಯಲ್ಲಿ ಚೆನ್ನಾಗಿ ಬಾಳುತ್ತವೆ.

ಆಷಾಢದ ಮೋಡದ ಬೆಳಕಿನಲ್ಲಿ ತಿಳಿ ನೀಲಿ, ಬೂದು ಮಂಕಾಗುತ್ತವೆ. ಪೂರ್ವ-ಉತ್ತರದ ಕತ್ತಲೆ ಕೋಣೆಗೆ ಹಳದಿ, ಮಾವಿನ ಹಣ್ಣಿನ ಬಣ್ಣ ಹಿತ. ಶೇಡ್ ಕಾರ್ಡ್ ನೋಡಿ ತೀರ್ಮಾನಿಸದೆ, ಎರಡಡಿ ಚೌಕವನ್ನು ಎದುರುಬದುರು ಗೋಡೆಗೆ ಬಳಿದು, ಬೆಳಿಗ್ಗೆ, ಸಂಜೆ, ನಿಮ್ಮದೇ ಬಲ್ಬಿನ ಬೆಳಕಿನಲ್ಲಿ ನೋಡಿ.

ಹಂತ 10: ಕಬ್ಬಿಣ, ಮರ

ಹೊರಗಿನ ಗ್ರಿಲ್, ಸ್ಕ್ರೂಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. 304 ಕಡಲಗಾಳಿಗೆ ಕಂದು ಚುಕ್ಕೆ ಹಿಡಿಯುತ್ತದೆ, ಒಳಗೆ ಸಾಕು. ಅಡುಗೆಮನೆಗೆ ನೀರು ತಡೆಯುವ, ಐಎಸ್ 710 ಮುದ್ರೆಯ ಪ್ಲೈವುಡ್; ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡ. ಬೀರು, ಕಪಾಟುಗಳನ್ನು ಹೊರಗೋಡೆಗೆ ಒತ್ತಿಡದೆ ಎರಡು ಇಂಚು ಬಿಡಿ. ಆ ಸಂದಿಯಲ್ಲಿ ಗಾಳಿ ಆಡದಿದ್ದರೆ ಎಷ್ಟು ಒಳ್ಳೆಯ ಬಣ್ಣದ ಮೇಲೂ ಬೂಸ್ಟು ಬರುತ್ತದೆ.

ಉಳಿದ ಬಣ್ಣವನ್ನು ಸಣ್ಣ ಡಬ್ಬಿಗೆ ತುಂಬಿ, ಶೇಡ್ ನಂಬರ್, ಕೋಣೆಯ ಹೆಸರು ಬರೆದಿಡಿ. ಮೊದಲ ಮಳೆಗಾಲದಲ್ಲಿ ಲಿಂಟಲ್ ಮೂಲೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಬಂದರೆ ಗಾಬರಿ ಬೇಡ, ಡಿಸೆಂಬರ್‌ನಲ್ಲಿ ತುಂಬಿ ಬಳಿಯಬಹುದು. ಬಿರುಕಿಗೆ ಅಡ್ಡವಾಗಿ ಪೆನ್ಸಿಲ್ ಗೆರೆ ಎಳೆದಿಟ್ಟು ತಿಂಗಳಿಗೊಮ್ಮೆ ನೋಡಿ. ಗೆರೆಯ ಎರಡು ತುಂಡು ದೂರ ಸರಿಯುತ್ತಿದ್ದರೆ ಪೇಂಟರನ್ನು ಬಿಟ್ಟು ಇಂಜಿನಿಯರನ್ನು ಕರೆಸಿ.